ಅಕ್ಕೋರ ಒಗರುಗಳ್ಳಿ

"ಇದಕ್ಕ ಕಸ ಅಂತೀರಲ್ರೀ, ಕಸ!" ಸುಲೋಚನಾ ಅಕ್ಕೋರು ದಾಳಿಂಬೆ ಸಿಪ್ಪೆಯ ಬುಟ್ಟಿಯನ್ನು ಪುರಸಭೆಯ ಮುಖ್ಯಾಧಿಕಾರಿ ಅಂಕಲಗಿಯವರ ಮೂಗಿನ ಹತ್ತಿರ ಹಿಡಿದರು. "ಇದರೊಳಗಿನ ಒಗರು ಬಂಗಾರ ಐತ್ರಿ, ಬಂಗಾರ!"

ಅಂಕಲಗಿಯವರು ಮೂಗು ಮುಚ್ಚಿಕೊಂಡರು. ಕರಡಿಹಾಳದ ಮೂರೂ ಜ್ಯೂಸ್ ಅಂಗಡಿಗಳ ಸಿಪ್ಪೆ ಎರಡು ತಿಂಗಳಿಂದ ಅಕ್ಕೋರ ಅಂಗಳಕ್ಕೇ ಬಂದು ಬೀಳುತ್ತಿತ್ತು. ನೊಣ, ನಾತ, ಓಣಿಯವರ ದೂರು! ಸಿಪ್ಪೆಯಿಂದ ಒಗರು ತೆಗೆಯಲು ಅಕ್ಕೋರು ಕಟ್ಟಿದ ಯಂತ್ರ ಇವತ್ತು ಕೆಲಸ ಮಾಡದಿದ್ದರೆ ಸಿಪ್ಪೆಯ ಜೊತೆ ಅದೂ ಕಸದ ಗಾಡಿ ಹತ್ತಬೇಕೆಂದು ನೋಟಿಸು ಬಂದಿತ್ತು.

ಅಕ್ಕೋರ ಯಜಮಾನರು ಮಲ್ಲೇಶಪ್ಪ ಚಹಾದ ಲೋಟ ಹಿಡಿದು ಕಟ್ಟೆಯ ಮೇಲೆ ಕೂತಿದ್ದರು. ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದವರಿಗೆ ಗದ್ದಲ ಹೊಸದಲ್ಲ. ಆದರೆ ಅವರ ಕಣ್ಣು ಹೆಂಡತಿಯ ಕೈ ಮೇಲೇ ಇತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಕೈ ಅದು. ಕೆಟ್ಟುಹೋದ ನಾಲ್ಕು ಯಂತ್ರಗಳನ್ನು ಬಿಚ್ಚಿ ಗುಜರಿಗೆ ಹಾಕಿದ್ದೂ ಅದೇ ಕೈ.

ಐದನೆಯದು ತಳ್ಳುಗಾಡಿಯ ಮೇಲೆ ನಿಂತಿತ್ತು. ಮದುವೆ ಮನೆಯ ಇಡ್ಲಿ ಪಾತ್ರೆ, ಎರಡು ಮಿಕ್ಸರ್ ಮೋಟಾರು, ಟ್ರ್ಯಾಕ್ಟರಿನ ಬ್ಯಾಟರಿ, ಆನೆಯ ಕಿವಿಯಷ್ಟು ಅಗಲದ ತಗಡಿನ ಬಾಯಿ, ಅಡಿಯಲ್ಲೊಂದು ಗಾಜಿನ ಭರಣಿ. ಹೆಸರು ಒಗರುಗಳ್ಳಿ.

"ಗಿಡಗಳು ತಮ್ಮ ಕಾವಲಿಗೆ ಫೀನಾಲ್ ಸತ್ವ ಮಾಡ್ಕೊಂತಾವ್ರಿ. ಕಬ್ಬಿಣಕ್ಕ ತುಕ್ಕು ಹಿಡಿದಂಗ ಜೀವಕೋಶಕ್ಕೂ ಹಿಡೀತೈತಿ. ಅದನ್ನ ತಡಿಯೂದು ಈ ಒಗರು ಸತ್ವ, ಅದಕ್ಕ ಇದು ಔಷಧ."

"ಫಿನೈಲ್ ಅಂದ್ರ ಬಚ್ಚಲಾ ತೊಳಿಯೂದಲ್ಲೇನ?" ಎಂದರು ಮಲ್ಲೇಶಪ್ಪ.

"ಫಿನೈಲ್ ಅಲ್ರೀ, ಫೀನಾಲ್! ನೀವು ಸುಮ್ನ ಚಾ ಕುಡೀರಿ!"

ಗುಂಡಿ ಒತ್ತಿದ್ದೇ ತಡ, ಯಂತ್ರ ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಕೆಂಪು ಸಿಪ್ಪೆ ನೋಡನೋಡುತ್ತ ಹತ್ತಿಯಂತೆ ಬೆಳ್ಳಗಾಯಿತು. ಭರಣಿಗೆ ಮಾಣಿಕ್ಯದ ಬಣ್ಣದ ಪುಡಿ ಉದುರಿತು. ಅಂಕಲಗಿಯವರು ಚಿಟಿಕೆ ನಾಲಿಗೆಗಿಟ್ಟರು. ಮುಖವೆಲ್ಲ ಹಿಂಡಿಕೊಂಡಿತು.

"ಹೌದ್ರೀ! ಒಗರ ಒಗರು!"

ಅಕ್ಕೋರು ಹಿಗ್ಗಿ, "ಇದು ಎರಡನೇ ನಂಬರ್. ಐದಕ್ಕ ಹಾಕಿ ತೋರಿಸ್ತೀನಿ ನೋಡ್ರಿ!" ಎಂದು ತಿರುಗಣಿ ತಿರುವಿದರು. ಯಂತ್ರ ಐದರಲ್ಲೇ ಉಳಿದು ತಿರುಗಣಿ ಕಿತ್ತು ಕೈಗೆ ಬಂತು!

ಮಲ್ಲೇಶಪ್ಪ ಒಂದು ಗುಟುಕು ಹೀರಿ ಲೋಟದೊಳಗೆ ಇಣುಕಿದರು. ಬರೀ ಸಕ್ಕರೆ ಹಾಲು. "ಏ! ನನ್ನ ಚಾ ಎಲ್ಲಿ ಹೋತು?"

ಅಂಕಲಗಿಯವರು ಬಾಯಿ ತೆರೆದು ನಕ್ಕರು. ಇಪ್ಪತ್ತು ವರ್ಷದ ಎಲೆಯಡಿಕೆಯ ಕೆಂಪು ಆ ಹಲ್ಲುಗಳಲ್ಲಿ ಇರಲೇ ಇಲ್ಲ! ಸ್ಕೂಟರಿನ ಕನ್ನಡಿಯಲ್ಲಿ ನೋಡಿಕೊಂಡ ಸಾಹೇಬರು ತಮ್ಮನ್ನೇ ಗುರುತಿಸದೆ ಒಂದು ಕ್ಷಣ ತಬ್ಬಿಬ್ಬಾದರು.

ಅಷ್ಟರಲ್ಲಿ ಪಕ್ಕದ ಮನೆಯ ಕಿಟಕಿಯಿಂದ ಚೀತ್ಕಾರ. "ಅಯ್ಯಯ್ಯೋ, ನನ್ನ ಮದರಂಗಿ!" ನಾಳೆ ಹಸೆಮಣೆ ಏರಬೇಕಾದ ಸೌಭಾಗ್ಯಳ ಎಡಗೈ ಬೋಳುಬೋಳು.

"ಬಂದ್ ಮಾಡ, ಬಂದ್ ಮಾಡ!" ಎಂದು ಮಲ್ಲೇಶಪ್ಪ ಕೂಗಿದರು.

"ಹೆಂಗ ಮಾಡ್ಲಿ? ಬ್ಯಾಟರಿ ಮುಟ್ಟಿದ್ರ ಕೈ ಸುಡತೈತಿ! ಅದು ಖಾಲಿ ಆಗೂತನಕ ನಿಲ್ಲೂದಿಲ್ಲ!" ಅಕ್ಕೋರ ಕಣ್ಣು ತುಂಬಿತು. "ಇದೂ ಕೆಡ್ತರೀ..."

ಮಲ್ಲೇಶಪ್ಪ ತಲೆಗೆ ಟವೆಲು ಸುತ್ತಿಕೊಂಡು ಎದ್ದರು. "ಕೆಟ್ಟಿಲ್ಲ, ಜೋರು ಕೆಲಸ ಮಾಡಾಕತ್ತೈತಿ. ಆ ಹುಡುಗಿ ಬಲಗೈ ಉಳೀಲಿ, ಬಯಲಿಗೆ ಒಯ್ಯೂಣು. ಸಾಹೇಬ್ರ, ಹಿಂದಿನಿಂದ ನೂಕ್ರಿ! ರೈಟ್, ರೈಟ್!"

ಗಾಡಿ ಓಡಿತು. ಹೋಟೆಲಿನ ಮುಂದೆ ನಲವತ್ತು ಲೋಟ ಚಹಾ ಹಾಲಾಯಿತು. ತರಕಾರಿ ಬಂಡಿಯ ಬದನೆಕಾಯಿಗಳು ಮೂಲಂಗಿಯಂತಾದವು. ಜಗಳಕ್ಕೆ ಬಂದವರೆಲ್ಲ ಒಬ್ಬರ ಹಲ್ಲು ಒಬ್ಬರು ನೋಡಿ, ಜಗಳ ಮರೆತು ಗಾಡಿ ನೂಕತೊಡಗಿದರು! ಬಸ್ ನಿಲ್ದಾಣದ ಬಯಲಿನಲ್ಲಿ ಗಾಲಿ ತಗ್ಗಿಗೆ ಬಿದ್ದು ಒಗರುಗಳ್ಳಿಯ ಬಾಯಿ ನಿಲ್ದಾಣದ ಹಿಂಗೋಡೆಗೆ ಎದುರಾಗಿ ನಿಂತಿತು.

ಆ ಗೋಡೆಯ ಮೂಲ ಬಣ್ಣ ಊರಲ್ಲಿ ಯಾರಿಗೂ ನೆನಪಿರಲಿಲ್ಲ. ನಲವತ್ತು ವರ್ಷದ ಎಲೆಯಡಿಕೆ ಉಗುಳು ಪದರ ಪದರವಾಗಿ ಕೂತಿತ್ತು. ಯಂತ್ರ ಒಮ್ಮೆ ಗುಟುರು ಹಾಕಿತು. ಗೋಡೆಯ ಕೆಂಪು ಹೊಗೆಯಂತೆ ಎದ್ದು ತಗಡಿನ ಬಾಯಿಗೆ ನುಗ್ಗಿತು! ಮೇಲಿಂದ ಕೆಳಗೆ ಗೋಡೆ ಬೆಳಗುತ್ತ ಬಂತು. ಜನ ಸಿಳ್ಳೆ ಹೊಡೆದರು. ಹೊರಟಿದ್ದ ಬಸ್ಸುಗಳು ನಿಂತು ಹಾರ್ನು ಬಾರಿಸಿದವು. ಕೊನೆಗೆ ಒಗರುಗಳ್ಳಿ ಮೂರು ಸಲ ಕೆಮ್ಮಿ ಸುಮ್ಮನಾಯಿತು. ಭರಣಿಯಲ್ಲಿ ತೆಂಗಿನಕಾಯಿ ಗಾತ್ರದ ಕಡುಗೆಂಪು ಉಂಡೆ.

"ಅಕ್ಕೋರ, ಇದನ್ನೂ ಔಷಧ ಅಂತ ಕೊಡ್ತೀರೇನ್ರಿ?"

"ಸಾಹೇಬ್ರ, ವಿಜ್ಞಾನಕ್ಕೂ ಒಂದು ಮಿತಿ ಐತ್ರಿ!"

ಅಂಕಲಗಿಯವರು ಹೊಳೆಯುವ ಹಲ್ಲು ತೋರಿಸುತ್ತ ನೋಟಿಸು ಹರಿದು, "ಸಿಪ್ಪಿಗೆ ನಮ್ಮ ಗೋದಾಮು ನಿಮ್ಮದ. ಸೋಮವಾರ ಕಚೇರಿ ಮೆಟ್ಟಿಲಿಗೆ ಯಂತ್ರ ತರ್ರಿ!" ಎಂದರು. ಬೆನ್ನಟ್ಟಿ ಬಂದಿದ್ದ ಸೌಭಾಗ್ಯಳ ತಾಯಿಯೂ ಬೈಯಲು ಮರೆತು, "ಇರ್ಲಿ ಬಿಡ್ರಿ, ಎಡಗೈಗೆ ಸಂಜೀಕ ಮತ್ತ ಹಚ್ಚತೀನಿ" ಎಂದರು. ಜನ ಅಕ್ಕೋರನ್ನು ತಳ್ಳುಗಾಡಿಯ ಮೇಲೆ ಹತ್ತಿಸಿ ಜಯಕಾರ ಹಾಕಿದರು. ಮಲ್ಲೇಶಪ್ಪ ಕೆಳಗಿನಿಂದ "ರೈಟ್, ರೈಟ್!" ಎಂದು ಕೂಗಿದರು.

ಆಗಲೇ ಯಾರೋ ಗೋಡೆಯತ್ತ ಬೆರಳು ಮಾಡಿದರು. ಅಚ್ಚ ಬಿಳಿ ಗೋಡೆಯ ನಡುವೆ, ಮೊಳದುದ್ದದ ನೀಲಿ ಅಕ್ಷರಗಳು ಮೂಡಿ ನಿಂತಿದ್ದವು: "ಇಲ್ಲಿ ಉಗುಳಬಾರದು."

ಎಲೆ ಮಾರುವ ನಾಗವ್ವಜ್ಜಿ ಅದನ್ನು ಬೇರೆಯವರಿಂದ ಎರಡು ಸಲ ಓದಿಸಿಕೊಂಡಳು. ಆಮೇಲೆ ತಲೆಯಾಡಿಸಿ ಅಂದಳು:

"ಮದಲ ಹೇಳಬಾರದಿತ್ತೇನ್ರೀ?"