ಮೇಜಿನ ಕೆಳಗಿನ ದನಿ

ಹೋದ ವರ್ಷ ಹೊಸ ವೈನಿನ ಹಬ್ಬದ ಸಂಜೆ ಅಪೊಲೆನಾ ಕೇಳಿದ ಒಂದು ಪ್ರಶ್ನೆ ಫ್ಲೋರಿಯಾನನ ನಿದ್ದೆ ಕೆಡಿಸಿತ್ತು. ಕುಣಿದು ದಣಿದು, ಬೆವರೊರೆಸಿಕೊಳ್ಳುತ್ತ ವೇದಿಕೆಯ ಹತ್ತಿರ ಬಂದವಳು ಅವನನ್ನೂ ಅವನ ಡಬಲ್ ಬೇಸನ್ನೂ ಮೇಲಿಂದ ಕೆಳಗೆ ನೋಡಿ, "ಫ್ಲೋರಿಯಾನ್, ನೀನು ಅದನ್ನ ನುಡಿಸ್ತೀಯೋ, ಇಲ್ಲಾ ಬೀಳದ ಹಾಗೆ ಹಿಡ್ಕೊಂಡಿರ್ತೀಯೋ?" ಎಂದಿದ್ದಳು.

ಅವಳು ತಮಾಷೆಗೆ ಕೇಳಿದ್ದು. ಬೇರೆ ಯಾರಾದರೂ ಕೇಳಿದ್ದರೆ ಅವನೂ ನಕ್ಕು ಮರೆಯುತ್ತಿದ್ದ. ಆದರೆ ಅಪೊಲೆನಾಳ ಮಾತನ್ನು ಮರೆಯುವ ವಿದ್ಯೆ ಅವನಿಗೆ ಹರೆಯದಲ್ಲೇ ಒಲಿದಿರಲಿಲ್ಲ, ಇನ್ನು ತಲೆ ಬೋಳಾದ ಮೇಲೆ ಒಲಿಯುವುದುಂಟೆ?

ಅವನ ಹಣೆಬರಹವೇ ಅಷ್ಟು. ಅವನು ಯಾರಿಗೂ ಕೇಳಿಸುತ್ತಿರಲಿಲ್ಲ. ಹಗಲು ಬಸ್ಸು ಓಡಿಸುವಾಗ ನಿಲ್ದಾಣದ ಹೆಸರು ಕೂಗಿದರೆ ಮುಂದಿನ ಸೀಟಿನಲ್ಲಿ ಕೂತವರೂ "ಏನಂದೆ?" ಎನ್ನುತ್ತಿದ್ದರು. ಸಂಜೆ ವಾದ್ಯಮೇಳದಲ್ಲಿ ದೈತ್ಯ ಪಿಟೀಲಿನಂಥ, ತನಗಿಂತ ಎತ್ತರದ ಬೇಸನ್ನು ತಬ್ಬಿ ನಿಂತು ನುಡಿಸಿದರೆ, ಪಿಟೀಲು ಕ್ಲಾರಿನೆಟ್ಟುಗಳ ಗಲಾಟೆಯಲ್ಲಿ ಅದರ ದನಿ ಸಾರಿಗೆ ಹಾಕಿದ ಉಪ್ಪಿನ ಹಾಗೆ. ಇದ್ದಾಗ ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಮೊರಾವಿಯಾದ ಆ ಊರಿನಲ್ಲಿ ಒಂದು ಪದ್ಧತಿ. ಹೊಸ ವೈನಿನ ಸಂಜೆ ಯಾವ ಹೆಣ್ಣಾದರೂ ಮೇಳದ ಮುಂದೆ ನಿಂತು ಒಂದು ಚರಣ ಹಾಡಬಹುದು. ಆಗ ಮೇಳ ತೆಪ್ಪಗಾಗುತ್ತದೆ. ಯಾವ ಗಂಡು ಅದಕ್ಕೆ ಮರುಚರಣ ಹಾಡುತ್ತಾನೋ ಅವನ ಜೊತೆ ಅವಳು ಕುಣಿಯಬೇಕು, ಉಳಿದವರೆಲ್ಲ ಗೋಡೆಗೆ ಸರಿದು ಜಾಗ ಬಿಡಬೇಕು. ಅಪೊಲೆನಾ ಹುಡುಗಿಯಾಗಿದ್ದಾಗಿನಿಂದ ಹಾಡುತ್ತಿದ್ದದ್ದು ತನ್ನ ಅಜ್ಜಿಯ ಹಾಡು:

ಬಾವಿಯ ಬಳಿಯಲಿ ಕೊಡವನು ಮರೆತೆನು,
ಅಮ್ಮನಿಗೇನೆಂದು ಹೇಳಲಿ ನಾ?

ಇದರ ಮರುಚರಣ ಅಜ್ಜಿಯ ಜೊತೆಗೇ ಮಣ್ಣಾಗಿತ್ತು. ಹಾಗಾಗಿ ಫ್ಲೋರಿಯಾನ್ ತಾನೇ ಒಂದು ಕಟ್ಟಿದ. ಹರೆಯದ ಒಂದು ಸಂಜೆ ಧೈರ್ಯ ಮಾಡಿ ಬೇಸಿನ ಹಿಂದಿನಿಂದ ಹಾಡಿಯೂಬಿಟ್ಟ. ಸರಿಯಾಗಿ ಅದೇ ಹೊತ್ತಿಗೆ ಕ್ಲಾರಿನೆಟ್ಟಿನವನಿಗೆ ಸೀನು ಬಂತು. ಮುಂದಿನ ವರ್ಷ ನೋಡೋಣ ಅಂದುಕೊಂಡ. ಅಷ್ಟರೊಳಗೆ ಸ್ವಂತ ಟ್ರ್ಯಾಕ್ಟರ್ ಇದ್ದವನೊಬ್ಬನ ಜೊತೆ ಅವಳ ಮದುವೆ ಆಗಿಹೋಯಿತು. ಆ ಮದುವೆಯಲ್ಲಿ ಬೇಸ್ ನುಡಿಸಿದವನೂ ಫ್ಲೋರಿಯಾನನೇ.

ಈಗ ಆ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಅಪೊಲೆನಾ ಮತ್ತೆ ಹಾಡುತ್ತಿದ್ದಳು. ಹಾಡಿ ಒಂದು ಕ್ಷಣ ಕಾಯುತ್ತಿದ್ದಳು, ಆಮೇಲೆ ನಕ್ಕು ಹೋಗಿ ಕೂರುತ್ತಿದ್ದಳು. ಅವಳು ಹಾಗೆ ಕಾಯುವುದನ್ನು ನೋಡಿದಾಗೆಲ್ಲ ಫ್ಲೋರಿಯಾನ್ ತನ್ನ ಮರುಚರಣವನ್ನು ಬೇಸಿಗಷ್ಟೇ ಕೇಳುವಂತೆ ಗೊಣಗುತ್ತಿದ್ದ.

ಈ ಸಲ ಅವನು ಪಿಯೆಜೊ ಪಿಕಪ್ ತರಿಸಿದ. ಗುಂಡಿಯಷ್ಟು ಚಿಕ್ಕ ಸಾಮಾನು. ಬೇಸಿನ ತಂತಿಗಳನ್ನು ಹೊತ್ತ ಮರದ ಕುದುರೆಯ ಕಾಲಡಿ ಅದನ್ನು ಸಿಕ್ಕಿಸಿ, ವೈರನ್ನು ಆಂಪ್ಲಿಫೈಯರಿಗೆ ಕೊಟ್ಟರೆ ಮರದ ನಡುಕವೆಲ್ಲ ಸ್ಪೀಕರಿನಲ್ಲಿ ಬರುತ್ತದೆ ಎಂದು ಮಾರಿದವನು ಹೇಳಿದ್ದ. ಹಬ್ಬದ ದಿನ ಬೆಳಿಗ್ಗೆ ಸಿಕ್ಕಿಸಿ ಕಮಾನು ಎಳೆದ. ಸ್ಪೀಕರಿನಿಂದ ನೆಗಡಿಯಾದ ಬಾತುಕೋಳಿಯ ದನಿ ಬಂತು.

ಅದೇ ಹೊತ್ತಿಗೆ ಮೆಟೋದ್ ಒಳಗೆ ಬಂದ. ಇವನು ಮೇಳದ ಯಜಮಾನ, ಪಿಟೀಲಿನವನು. ಹೊಟ್ಟೆಪಾಡಿಗೆ ಟೀವಿ ರಿಪೇರಿ. ಸ್ಪೀಕರಿನ ಕಡೆ ನೋಡಿ, "ಬಾತುಕೋಳೀನ ಹುರಿಯೋದು ಸಂಜೆಗಲ್ವೇನೋ? ಈಗಲೇ ಯಾಕೆ ಹಿಂಸೆ ಮಾಡ್ತಿದ್ದೀಯ?" ಎಂದ.

"ಪಿಕಪ್ ಕೆಟ್ಟಿದೆ ಅನ್ಸುತ್ತೆ."

"ಅದೇನೂ ಕೆಟ್ಟಿಲ್ಲ. ನಿನ್ನ ತರಾನೇ ನಾಚಿಕೆ ಸ್ವಭಾವ ಅದಕ್ಕೆ. ಆಂಪ್ಲಿಫೈಯರ್ ಅಂದ್ರೆ ಗಡಿಬಿಡಿ ಮಾವ ಇದ್ದ ಹಾಗೆ. ನೇರವಾಗಿ ಎದುರಿಗೆ ಕೂರಿಸಿದ್ರೆ ಹುಡುಗನ ಗಂಡಸ್ತನವೆಲ್ಲ ಇಂಗಿಹೋಗಿ ಮೂಗಲ್ಲಿ ಮಾತಾಡ್ತಾನೆ. ನಡುವೆ ಒಬ್ಬ ಮಧ್ಯಸ್ಥ ಬೇಕು. ಹುಡುಗ ಹೇಳೋದನ್ನ ಸಮಾಧಾನವಾಗಿ ಕೇಳ್ಕೊಂಡು, ಮಾವನಿಗೆ ಗಟ್ಟಿಯಾಗಿ ದಾಟಿಸೋನು."

ಆ ಮಧ್ಯಸ್ಥನ ಹೆಸರು ಪ್ರೀಆಂಪ್. ಸೋಪಿನ ಡಬ್ಬಿಯಷ್ಟಿದ್ದ ಅದು ಮೆಟೋದನ ಜೇಬಿನಲ್ಲೇ ಇತ್ತು. ಇಲ್ಲದಿದ್ದದ್ದು ಅದರ ಬ್ಯಾಟರಿ. ಹಬ್ಬವೆಂದು ಅಂಗಡಿಗಳೆಲ್ಲ ಮುಚ್ಚಿದ್ದವು.

ಪಕ್ಕದ ಮನೆಯ ಹೆಡ್ವಿಕಾ ಚಿಕ್ಕಮ್ಮನಿಗೆ ಬೇಲಿಯಾಚೆ ಸೂಜಿ ಬಿದ್ದರೂ ಗೊತ್ತಾಗುತ್ತಿತ್ತು. ಕೆಂಪು ಕೋಸು ಹೆಚ್ಚುತ್ತಿದ್ದವಳು ಕೈಯಲ್ಲಿ ಚಾಕು ಹಿಡಿದೇ ಬಂದು, ಏನು ಎತ್ತ ಎಂದು ವಿಚಾರಿಸಿ, ಮನೆಗೆ ಹೋಗಿ ಒಂದು ಚೌಕದ ಬ್ಯಾಟರಿ ತಂದಳು.

"ನಮ್ಮೆಜಮಾನ್ರ ರೇಡಿಯೋದು ಕಣಪ್ಪ. ಅವರು ಹೋದ್ಮೇಲೆ ಹವಾಮಾನ ವಾರ್ತೆ ಮಾತ್ರ ಕೇಳ್ತೀನಿ. ಸ್ವಲ್ಪ ಜೀವ ಇರ್ಬೇಕು ಇನ್ನೂ."

ಬ್ಯಾಟರಿ ಹಾಕಿ, ಸ್ಪೀಕರನ್ನು ಕಿಟಕಿಯ ಮೇಲಿಟ್ಟು, ಫ್ಲೋರಿಯಾನ್ ಕಮಾನು ಎಳೆದ. ಗಾಜು ಗುಂಯ್ ಎಂದಿತು. ಬೀದಿಯ ನಾಯಿ ಎದ್ದು ಕೂತಿತು. ಇಷ್ಟು ವರ್ಷ ತಾನು ತಬ್ಬಿ ನಿಂತಿದ್ದ ಮರದ ಹೊಟ್ಟೆಯಲ್ಲಿ ಇಂಥ ದನಿ ಇತ್ತೆ ಎಂದು ಅವನ ಕಣ್ಣು ತುಂಬಿಬಂತು. ನುಡಿಸುವಾಗ ಬೇಸಿನ ಕುತ್ತಿಗೆಗೆ ದವಡೆ ಒತ್ತಿಕೊಂಡು ಏನಾದರೂ ಗೊಣಗುವುದು ಅವನ ಹಳೆಯ ಚಾಳಿ. ಈಗಲೂ ತನ್ನಷ್ಟಕ್ಕೆ ತಾನು ಗೊಣಗಿದ.

ಕಿಟಕಿಯಿಂದ ಇಡೀ ಬೀದಿಗೆ ಒಂದು ಗಂಭೀರ ದನಿ ಕೇಳಿಸಿತು: "ಬ್ಯಾಟರಿ ಕೊಟ್ಟಾಯ್ತಲ್ಲ, ಈ ಮುದುಕಿ ಇನ್ನೂ ಯಾಕೆ ಬೇರು ಬಿಟ್ಟು ನಿಂತಿದೆ?"

ಅಂಗಳದಲ್ಲಿದ್ದ ಚಿಕ್ಕಮ್ಮ ತಿರುಗಿ ನೋಡಿದಳು. ಕಿಟಕಿಯಲ್ಲಿ ಕಂಡದ್ದು ಸ್ಪೀಕರಿಗೆ ಮೊಣಕೈ ಊರಿ ನಿಂತಿದ್ದ ಮೆಟೋದ್.

"ಏನೋ ಅಂದೆ, ಟೀವಿ ಬಿಚ್ಚೋನೆ? ನಾನು ಮುದುಕೀನಾ? ನೀನು ಚಡ್ಡೀಲಿ ಉಚ್ಚೆ ಹೊಯ್ಕೊಂಡಾಗ ಒಗೆದ ಕೈ ಕಣೋ ಇದು!"

"ಅಯ್ಯೋ ಚಿಕ್ಕಮ್ಮ, ನಾನಲ್ಲ…"

"ಕಿವಿ ನೆಟ್ಟಗಿದೆ ನಂಗೆ! ಆ ಫ್ಲೋರಿಯಾನನ್ನ ನೋಡಿ ಕಲಿ. ಬಾಯಲ್ಲಿ ಬೆರಳಿಟ್ರೂ ಕಚ್ಚದ ಹುಡುಗ."

ಮೆಟೋದ್ ಫ್ಲೋರಿಯಾನನ ಕಡೆ ನೋಡಿದ. ಫ್ಲೋರಿಯಾನ್ ಕಮಾನಿಗೆ ರಾಳ ಉಜ್ಜುವುದರಲ್ಲಿ ಮುಳುಗಿಹೋಗಿದ್ದ. ಚಿಕ್ಕಮ್ಮ ಹೋದ ಮೇಲೆ ಮೆಟೋದ್ ನಿಧಾನಕ್ಕೆ ಹೇಳಿದ: "ಆ ಗುಂಡಿ ನಿನ್ನ ದವಡೆ ಮೂಳೇನೂ ಕೇಳಿಸ್ಕೊಳುತ್ತೆ, ಗೊತ್ತಾಯ್ತಾ? ಸಂಜೆ ಬಾಯಿ ಮುಚ್ಕೊಂಡಿರು. ಇವತ್ತಿನ ಬೈಗುಳ ನಾನು ಮರೆಯಲ್ಲ."

ಫ್ಲೋರಿಯಾನ್ ತಲೆಯಾಡಿಸಿದ. ಆದರೆ ಅವನ ತಲೆಯೊಳಗೆ ಆಗಲೇ ಬೇರೆ ದೀಪ ಹತ್ತಿಕೊಂಡಿತ್ತು.

ಸಂಜೆ ಸಭಾಭವನದಲ್ಲಿ ಮೊದಲ ತಂತಿ ಮೀಟಿದ್ದೇ ತಡ, ಸ್ಪೀಕರ್ ತೋಳದ ಹಾಗೆ ಊಳಿಟ್ಟಿತು. ಮಕ್ಕಳು ಕಿವಿ ಮುಚ್ಚಿಕೊಂಡರು. ಯಾರೋ ವೈನ್ ಚೆಲ್ಲಿಕೊಂಡರು.

"ಸ್ಪೀಕರ್ ಪಕ್ಕದಲ್ಲೇ ಇದ್ರೆ ಅದರ ಸದ್ದೇ ಮತ್ತೆ ಬೇಸಿಗೆ ಹೊಕ್ಕು ಸುತ್ತುತ್ತೆ," ಎಂದ ಮೆಟೋದ್. "ದೂರ ಒಯ್ರೋ ಅದನ್ನ!"

ಆಮೇಲೆ ಊರಿಗೆ ಊರೇ ಸ್ಪೀಕರಿನ ತಜ್ಞರ ಸಂತೆಯಾಯಿತು. ಮೂಲೆಗಿಡಿ ಎಂದರು, ಮೇಲೆ ತೂಗುಹಾಕಿ ಎಂದರು. ಹೆಡ್ವಿಕಾ ಚಿಕ್ಕಮ್ಮ ಅದನ್ನು ಮೆಟೋದನ ತಲೆಯ ಮೇಲಿಡಿ ಎಂದಳು. ಕೊನೆಗೆ ಉದ್ದದ ವೈರು ಜೋಡಿಸಿ, ಭವನದ ಆ ತುದಿಯಲ್ಲಿ, ಸಿಹಿತಿಂಡಿಯ ಮೇಜಿನ ಕೆಳಗೆ ತಳ್ಳಿದರು. ಮೇಜಿನ ಬಿಳಿ ಬಟ್ಟೆ ಅದನ್ನು ಪೂರ್ತಿ ಮುಚ್ಚಿತು. ಆ ಮೇಜಿಗೆ ಟೊಬಿಯಾಶ್ ಎನ್ನುವ ಚಿಮಣಿ ಗುಡಿಸುವವನು ಆಗಲೇ ಕಾವಲು ನಿಂತಿದ್ದ. ಗಸಗಸೆಯ ಸಿಹಿರೊಟ್ಟಿ ಕಂಡರೆ ಅವನಿಗೆ ಲೋಕದ ಪರಿವೆ ಇರುತ್ತಿರಲಿಲ್ಲ.

ಕುಣಿತ ಶುರುವಾಯಿತು. ಜನರ ಕಾಲಿಗೆ ಮೊದಲ ಸಲ ಬೇಸ್ ಸಿಕ್ಕಿತು. ಮುದುಕರೂ ನೆಲ ಗುದ್ದಿ ಕುಣಿದರು. ಅಪೊಲೆನಾ ಕುಣಿಯುತ್ತಲೇ ಒಂದು ಸಲ ವೇದಿಕೆಯ ಕಡೆ ತಿರುಗಿ ನೋಡಿದಳು. ಆ ಒಂದು ನೋಟಕ್ಕೆ ಫ್ಲೋರಿಯಾನ್ ಎರಡು ಸ್ವರ ತಪ್ಪಿದ. ಈ ಸಲ ತಪ್ಪು ಎಲ್ಲರಿಗೂ ಕೇಳಿಸಿತು.

ಊಟದ ನಂತರ ಅವಳು ಎದ್ದು ಬಂದಳು. ಮೇಳದ ಮುಂದೆ ನಿಂತು, ಕೈ ಸೊಂಟಕ್ಕಿಟ್ಟು, ಅದೇ ಹಾಡು ಹಾಡಿದಳು. ದನಿ ಮೊದಲಿನಷ್ಟು ತೆಳುವಾಗಿರಲಿಲ್ಲ, ಸ್ವಲ್ಪ ಒಡೆದಿತ್ತು. ಫ್ಲೋರಿಯಾನನಿಗೆ ಅದು ಮೊದಲಿಗಿಂತ ಚೆನ್ನ ಅನ್ನಿಸಿತು. "ಅಮ್ಮನಿಗೇನೆಂದು ಹೇಳಲಿ ನಾ?" ಎಂದು ನಿಲ್ಲಿಸಿದಳು. ಮೇಳ ತೆಪ್ಪಗಾಯಿತು. ಅವಳು ಕಾದಳು.

ಫ್ಲೋರಿಯಾನ್ ಕಮಾನು ಕೆಳಗಿಟ್ಟ. ಅಂಗೈಯಿಂದ ತಂತಿಗಳನ್ನು ಅದುಮಿ ಹಿಡಿದ. ದವಡೆಯನ್ನು ಬೇಸಿನ ಕುತ್ತಿಗೆಗೆ ಒತ್ತಿದ. ಕಣ್ಣು ಮುಚ್ಚಿ, ಇಷ್ಟು ವರ್ಷ ಮರಕ್ಕೆ ಮಾತ್ರ ಹೇಳಿಕೊಂಡದ್ದನ್ನು ಮೆಲ್ಲಗೆ ಹಾಡಿದ:

ಕೊಡಕೆ ಕಾವಲು ನಾ ಕುಳಿತಿರುವೆ ಹುಡುಗಿ,
ಮರೆತವಳು ಮರಳಿ ಬರುವ ತನಕ.

ಇಡೀ ಭವನ ಆ ದನಿಯಿಂದ ತುಂಬಿತು. ಆಳವಾದ, ಬೆಚ್ಚನೆಯ, ಗಂಡು ದನಿ. ಹೆಂಗಸರು ಲೋಟ ಕೆಳಗಿಟ್ಟರು. ಫ್ಲೋರಿಯಾನ್ ಕಣ್ಣು ತೆರೆದ. ಅಪೊಲೆನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು, ಕಣ್ಣು ಹೊಳೆಯುತ್ತಿತ್ತು.

ಆಮೇಲೆ ಅವಳು ಅವನಿಗೆ ಬೆನ್ನು ತಿರುಗಿಸಿದಳು.

ದನಿ ಬಂದ ಕಡೆಗೆ, ಭವನದ ಆ ತುದಿಗೆ ನಡೆದಳು. ಜನ ದಾರಿ ಬಿಟ್ಟರು. ಬಿಳಿ ಬಟ್ಟೆಯ ಮೇಜಿನ ಮುಂದೆ ನಿಂತಿದ್ದವನು ಟೊಬಿಯಾಶ್ ಒಬ್ಬನೇ. ಬಾಯಿ ತುಂಬ ಸಿಹಿರೊಟ್ಟಿ; ತುಟಿ ಇನ್ನೂ ಆಡುತ್ತಿತ್ತು. ಅವನು ಏನೋ ಹೇಳಹೋದ, ಗಸಗಸೆ ಹಾರಿತು.

"ಏನೂ ಹೇಳ್ಬೇಡ," ಎಂದಳು ಅಪೊಲೆನಾ, ಅವನ ಕೈ ಹಿಡಿದು. "ಹೇಳೋದನ್ನೆಲ್ಲ ಹೇಳಿಯಾಯ್ತು."

ಫ್ಲೋರಿಯಾನ್ ಬೇಸನ್ನು ಬಿಗಿದಪ್ಪಿದ. ಅಪೊಲೆನಾ, ಅದು ನಾನು! ದವಡೆ ನೋಯುವಷ್ಟು ಒತ್ತಿ ಕೂಗಿದ: "ನಾನು! ಇಲ್ಲಿ! ಫ್ಲೋರಿಯಾನ್!"

ಮೇಜಿನ ಕೆಳಗಿನಿಂದ ಪುಸ್ಸೆಂದು ಒಂದು ಸಣ್ಣ ಸದ್ದು ಬಂತು. ಹೆಡ್ವಿಕಾ ಚಿಕ್ಕಮ್ಮನ ಯಜಮಾನರ ಬ್ಯಾಟರಿ ಯಜಮಾನರ ದಾರಿ ಹಿಡಿದಿತ್ತು. ಫ್ಲೋರಿಯಾನನ ಬರಿಯ ಕೂಗು ಜನರ ಚಪ್ಪಾಳೆಯಲ್ಲಿ ಎಲ್ಲೋ ಕರಗಿಹೋಯಿತು.

ಅವನು ಮೆಟೋದನ ತೋಳು ಹಿಡಿದು ಎಳೆದ. "ಮೆಟೋದ್, ನಿಂಗೆ ಗೊತ್ತಲ್ವಾ ಅದು ನಾನು ಅಂತ? ಹೇಳೋ ಅವಳಿಗೆ!"

ಮೆಟೋದ್ ಪಿಟೀಲನ್ನು ಗದ್ದದ ಕೆಳಗೆ ಸಿಕ್ಕಿಸಿಕೊಂಡ. "ಗೊತ್ತು. ಬೆಳಿಗ್ಗೆ ಚಿಕ್ಕಮ್ಮ ನನ್ನ ಚಡ್ಡಿ ಪುರಾಣ ಬಿಚ್ಚಿದಾಗ ನೀನು ಬಾಯಿ ಬಿಟ್ಟಿದ್ರೆ, ಈಗ ನಾನೂ ಬಿಡ್ತಿದ್ದೆ. ನುಡಿಸು, ಜೋಡಿ ಕಾಯ್ತಾ ಇದೆ."

ಅವನು ನುಡಿಸಿದ. ಬೇಸ್ ನಿಂತರೆ ಕುಣಿಯುವವರ ಹೆಜ್ಜೆ ತಪ್ಪುತ್ತದೆ; ಅವಳ ಹೆಜ್ಜೆ ತಪ್ಪುವುದು ಅವನಿಗೆ ಬೇಕಿರಲಿಲ್ಲ. ಖಾಲಿ ನೆಲದ ಮೇಲೆ ಆ ಇಬ್ಬರೇ ಸುತ್ತುತ್ತಿದ್ದರು. ಅವಳು ನಗುತ್ತಿದ್ದ ನಗುವನ್ನು ಅವನು ಅವಳ ಮದುವೆಯ ದಿನವೂ ನೋಡಿರಲಿಲ್ಲ. ಆ ನಗು ತನ್ನದು, ತಾನೇ ಕಟ್ಟಿ ಕೊಟ್ಟದ್ದು ಎಂದುಕೊಂಡ. ಹಾಗಂದುಕೊಂಡು ಇನ್ನೂ ಸಂಕಟವಾಯಿತು.

ಕುಣಿತ ಮುಗಿದ ಮೇಲೆ ಅವಳೇ ವೇದಿಕೆಯ ಹತ್ತಿರ ಬಂದಳು. ಫ್ಲೋರಿಯಾನ್ ಬಾಯಿ ತೆರೆಯುವಷ್ಟರಲ್ಲಿ, "ಫ್ಲೋರಿಯಾನ್, ನೋಡಿದ್ಯಾ? ಇಷ್ಟು ವರ್ಷ ಯಾರೂ ಬರಲ್ಲ ಅಂದ್ಕೊಂಡಿದ್ದೆ. ಆ ಮರುಚರಣ ಒಬ್ಬನ ಎದೇಲಿ ಇತ್ತಲ್ಲ!" ಎಂದಳು. ಅವಳ ಮುಖ ಹುಡುಗಿಯ ಮುಖವಾಗಿತ್ತು. ಅವನು ತೆರೆದ ಬಾಯನ್ನು ಮುಚ್ಚಿಕೊಂಡ. ಅವಳು ಕೋಟು ತರಲು ಓಡಿದಳು.

ಮರುಕ್ಷಣ ಬೆವರಿಳಿಸುತ್ತ ಟೊಬಿಯಾಶ್ ಬಂದ. ಅತ್ತಿತ್ತ ನೋಡಿ ವೇದಿಕೆಯ ಮೇಲೆ ಬಗ್ಗಿದ.

"ಫ್ಲೋರಿಯಾನ್, ಮರ್ಯಾದೆ ಉಳಿಸು ಮಾರಾಯ. ಹಾಡಿದ್ದು ನಾನಲ್ಲ. ಹೇಳೋಣ ಅಂದ್ರೆ ಕೈ ಹಿಡ್ಕೊಂಡ್ಬಿಟ್ಳು. ಅವಳು ಕೈ ಹಿಡ್ಕೊಂಡಿರುವಾಗ ಇಲ್ಲ ಅನ್ನೋಕಾಗುತ್ತಾ, ನೀನೇ ಹೇಳು?"

"ನನಗೆ ಹೇಗೆ ಗೊತ್ತಾಗ್ಬೇಕು?" ಎಂದ ಫ್ಲೋರಿಯಾನ್.

"ಈಗ ಮನೆ ತನಕ ಬಾ, ದಾರೀಲಿ ಮೂರನೇ ಚರಣ ಹಾಡು ಅಂತಿದ್ದಾಳೆ! ಮೂರನೇದು ಇದ್ಯಾ? ಈ ಊರಿನ ಹಾಡೆಲ್ಲ ನಿಮ್ಮ ಮೇಳದವರಿಗೇ ತಾನೇ ಗೊತ್ತಿರೋದು. ಬೇಗ ಹೇಳು, ಬರ್ತಾ ಇದ್ದಾಳೆ!"

ಮೂರನೆಯದು ಇತ್ತು. ಅವಳ ಮದುವೆಯ ಮಾರನೆಯ ದಿನ ಕಟ್ಟಿದ್ದು. ಫ್ಲೋರಿಯಾನ್ ಬಾಗಿಲ ಕಡೆ ನೋಡಿದ. ಅಪೊಲೆನಾ ಕೋಟು ಹಾಕಿಕೊಂಡು, ಕೂದಲು ಸರಿಮಾಡಿಕೊಂಡು, ಕಾಯುತ್ತಿದ್ದಳು. ಅವಳನ್ನು ಇನ್ನೊಂದು ಸಲ ಸುಮ್ಮನೆ ಕಾಯಿಸಲು ಅವನಿಂದಾಗಲಿಲ್ಲ. ಟೊಬಿಯಾಶನ ಕಿವಿಗೆ ಬಗ್ಗಿ ಮೆಲ್ಲಗೆ ಹಾಡಿದ:

ಚಳಿಗೆ ನೀರು ಗಡ್ಡೆಕಟ್ಟಿ ಕೊಡವು ಒಡೆಯಿತು,
ಚೂರ ಹಿಡಿದು ಕುಳಿತೆ ಇನ್ನೂ ಬಾವಿಯ ಬಳಿ…

"ಗಟ್ಟಿಯಾಗಿ ಹೇಳೋ ಮಾರಾಯ," ಎಂದು ಟೊಬಿಯಾಶ್ ಕಿವಿಗೆ ಕೈ ಅಡ್ಡ ಹಿಡಿದ. "ಏನೂ ಕೇಳಿಸ್ತಾ ಇಲ್ಲ."