ಪ್ರಭುಲಿಂಗಪ್ಪನ ಫ್ರಿಜ್ಜಿನಲ್ಲಿ ದೊಡ್ಡ ವೈರಸ್ಸು

ತನ್ವೀರ ಮಾಡಿದ ತಪ್ಪು ಒಂದೇ. ಬಾಟಲಿಗೆ ಚೀಟಿ ಅಂಟಿಸಿದ್ದ.

ಅದು ಎರಡು ಸಾವಿರದ ಆರನೇ ಇಸವಿ. ಚಿಕುನ್‌ಗುನ್ಯಾ ಬಂದು ಗಜೇಂದ್ರಗಡದ ಅರ್ಧ ಜನ ಗೋಡೆ ಹಿಡಿದು ನಡೆಯುತ್ತಿದ್ದ ವರ್ಷ. ಬೆಂಗಳೂರಿನಲ್ಲಿ ವಿಜ್ಞಾನಿಯಾಗಿದ್ದ ತನ್ವೀರ ಧಾರವಾಡಕ್ಕೆ ಕೆಲಸದ ಮೇಲೆ ಬಂದವನು, ಜ್ವರ ಬಿದ್ದು ಎದ್ದಿದ್ದ ತಾಯಿ ಚಮನಬಿಯನ್ನು ನೋಡಲು ಊರಿಗೆ ಬಂದು ಎರಡು ದಿನ ಉಳಿದ. ಅವನ ಜೊತೆ ಧಾರವಾಡದ ಪ್ರಯೋಗಾಲಯದಿಂದ ತಂದ, ಬರ್ಫ ತುಂಬಿದ ಒಂದು ಥರ್ಮಾಕೋಲ್ ಡಬ್ಬಿ ಇತ್ತು. ಅದರಲ್ಲಿ ಹೆಬ್ಬೆರಳಿನಷ್ಟು ಉದ್ದದ ಒಂದು ನಳಿಕೆ. ನಳಿಕೆಯಲ್ಲಿ ನಾಲ್ಕೇ ಹನಿ ದ್ರವ. ಆ ನಾಲ್ಕು ಹನಿಗೆ ಅವನ ಎರಡು ವರ್ಷ ಹೋಗಿತ್ತು. ಅದನ್ನಿಟ್ಟು ನೋಡುವ ಯಂತ್ರದ ಮುಂದೆ ಎಂಟು ತಿಂಗಳು ಕಾದ ಮೇಲೆ ಅವನ ಪಾಳಿ ಬಂದಿತ್ತು: ಊರಿನಿಂದ ಹೊರಟ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ, ಬೆಂಗಳೂರಿನಲ್ಲಿ. ತಪ್ಪಿದರೆ ಅವನ ನೌಕರಿಯೂ ಮುಂದುವರಿಯುವಂತಿರಲಿಲ್ಲ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಬಂದವನು ಕೋಟೆಯ ಗುಡ್ಡ ಹತ್ತಿ, ಹೊಂಡದ ನೀರನ್ನು ಒಂದು ಬಾಟಲಿ ತುಂಬಿ ತಂದ. ನಿಂತ ನೀರಿನಲ್ಲಿ ಭಾರೀ ಗಾತ್ರದ ವೈರಸ್ಸುಗಳಿರುತ್ತವೆ, ಅವನ್ನು ಹುಡುಕುವುದೂ ಅವನ ಸಂಶೋಧನೆಯ ಒಂದು ಭಾಗ. ಮನೆಯಲ್ಲಿ ಫ್ರಿಜ್ ಇರಲಿಲ್ಲವಾದ್ದರಿಂದ ಬಾಟಲಿಯನ್ನೂ ನಳಿಕೆಯನ್ನೂ ಅದೇ ಡಬ್ಬಿಯಲ್ಲಿಟ್ಟು, ಪಕ್ಕದ ಮನೆಯ ಬಟ್ಟೆ ವ್ಯಾಪಾರಿ ಪ್ರಭುಲಿಂಗಪ್ಪನ ಫ್ರಿಜ್ಜಿನಲ್ಲಿ ಇಡಿಸಿದ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಪ್ರಭುಲಿಂಗಪ್ಪನ ಹೆಂಡತಿ ಕಳಕವ್ವ ಮೊಸರು ತೆಗೆಯಲು ಹೋದಳು. ಡಬ್ಬಿಯ ಮುಚ್ಚಳ ಸರಿದಿತ್ತು.

"ಸುವರ್ಣಾ, ಇದರಾಗ ಇಂಗ್ಲೀಷ್ ಬರದಾರ. ಏನೈತಿ ನೋಡವಾ."

ಕಾಲೇಜಿಗೆ ಹೋಗುವ ಮಗಳು ಸುವರ್ಣಾ ಬಗ್ಗಿ ಓದಿದಳು. "ದೊಡ್ಡ ವೈರಸ್, ಗಜೇಂದ್ರಗಡ ಅಂತ ಐತಿ."

ಕಳಕವ್ವನ ಕೈಯಿಂದ ಮೊಸರಿನ ಗಡಿಗೆ ಜಾರಿತು. "ಅಯ್ಯ ನಮ್ಮಪ್ಪ! ಸಣ್ಣ ವೈರಸ್ಸಿಗೇ ಮೂರು ತಿಂಗಳು ಸೊಂಟ ಎತ್ತಿಲ್ಲ ನಾ. ಇದು ದೊಡ್ಡದಂತ!"

ಹತ್ತು ನಿಮಿಷದಲ್ಲಿ ಓಣಿಯೆಲ್ಲ ಅಂಗಳದಲ್ಲಿತ್ತು. ತನ್ವೀರ ಓಡಿಬರುವ ಹೊತ್ತಿಗೆ ಪ್ರಭುಲಿಂಗಪ್ಪ ಮೂಗಿಗೆ ಟವೆಲ್ ಕಟ್ಟಿಕೊಂಡು, ಡಬ್ಬಿಯನ್ನು ಎರಡು ಕೋಲುಗಳ ನಡುವೆ ಹಿಡಿದು, ಹಾವು ಹಿಡಿದವನಂತೆ ಹೊರಗೆ ತಂದು ಕಟ್ಟೆಯ ಮೇಲಿಟ್ಟಿದ್ದ. ಅದರ ಮೇಲೆ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಬೀಸುವ ಕಲ್ಲು ಹೇರಿದ್ದರು.

"ಕಾಕಾ, ಬಿಸಿಲಾಗ ಇಟ್ಟೀರಲ್ರಿ! ಲಗೂ ಒಳಗ ಇಡ್ರಿ, ಕೆಡ್ತೈತಿ!"

"ಕೆಡ್ಲೆಪಾ! ಕೆಡ್ಲಿ ಅಂತನ ಇಟ್ಟೀವಿ."

ಹಿಂದೆ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ ಗೌಸುಸಾಬ ಮುಂದೆ ಬಂದ. ಓಣಿಯಲ್ಲಿ ಯಾರಿಗೆ ನೆಗಡಿಯಾದರೂ ಮೊದಲು ಅವನೇ ಕೆಮ್ಮುತ್ತಿದ್ದ. "ಎಲ್ಲಾರೂ ಸುಮ್ನಿರ್ರಿ. ನಾ ಕೇಳ್ತೀನಿ. ತನ್ವೀರ, ಖರೇ ಹೇಳು. ಎಷ್ಟ ದೊಡ್ಡದೈತಿ?"

ತನ್ವೀರನಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. "ಬ್ಯಾರೆ ವೈರಸ್ಸಿಗಿಂತ ಎಷ್ಟೋ ಪಟ್ಟು ದೊಡ್ಡದು ಚಾಚಾ. ಆದ್ರ ಮನಷಾರ ತಂಟಿಗೆ ಬರೂದಿಲ್ಲ. ಅಮೀಬಾದಾಗ ಇರ್ತೈತಿ."

"ಅಮೀಬಾ ಅಂದ್ರ?"

"ಅದೂ ಒಂದು ಜೀವೀನ."

"ಜೀವಿ!" ಗೌಸುಸಾಬ ಜನರತ್ತ ತಿರುಗಿದ. "ನಾವೂ ಜೀವಿ ಅಲ್ಲೇನು?"

ಜನ ಎರಡು ಹೆಜ್ಜೆ ಹಿಂದೆ ಸರಿದರು. ತನ್ವೀರ ಕೈಜೋಡಿಸಿದ. "ಆ ನೀರಾಗ ವೈರಸ್ ಐತೋ ಇಲ್ಲೋ ನನಗೂ ಇನ್ನೂ ಗೊತ್ತಿಲ್ರೀ!"

"ಕೇಳಿದ್ರಿಲ್ಲ? ತಪ್ಪಿಸ್ಕೊಂಡೈತಿ!" ಎಂದ ಗೌಸುಸಾಬ.

ಗದ್ದಲದಲ್ಲಿ ಪ್ರಭುಲಿಂಗಪ್ಪ ಕೇಳಿದ, "ಎಲ್ಲಿಂದ ತಂದಿ ಆ ನೀರು?"

"ಕೋಟಿ ಹೊಂಡದಿಂದ್ರಿ."

"ಆ ಹೊಂಡದಾಗ ಈಸಿ ದೊಡ್ಡಾಂವ ಆಗೀನೋ ನಾ!" ಎಂದು ಪ್ರಭುಲಿಂಗಪ್ಪ ಅಲ್ಲೇ ಕುಸಿದು ಕೂತ. ಅವನಿಗೆ ಮೊಣಕಾಲು ಹಿಡಿಯಿತು. ಅದನ್ನು ನೋಡಿ ಹೊಂಡದಲ್ಲಿ ಈಜಿದ್ದ ಇನ್ನೂ ಐದಾರು ಜನರಿಗೆ ಹಿಡಿಯಿತು. ಒಬ್ಬನಿಗಂತೂ ಈಜಲೇ ಬರುತ್ತಿರಲಿಲ್ಲ. ಅವನಿಗೆ ಎಲ್ಲರಿಗಿಂತ ಜೋರಾಗಿ ಹಿಡಿಯಿತು.

ಗಂಟೆ ಹನ್ನೆರಡೂವರೆ. ಬಿಸಿಲು ಬುಟ್ಟಿಯ ಮೇಲೆ ನೇರ ಬೀಳುತ್ತಿತ್ತು. ಡಬ್ಬಿಯ ಸಂದಿಯಿಂದ ಕರಗಿದ ಬರ್ಫದ ನೀರು ಕಟ್ಟೆಯ ಮೇಲೆ ಸಣ್ಣಗೆ ಹರಿದು ಬರುವುದು ತನ್ವೀರನಿಗೆ ಕಂಡಿತು. ಅವನ ಎರಡು ವರ್ಷಗಳೇ ಹರಿದುಹೋಗುತ್ತಿದ್ದಂತಾಯಿತು. ಎರಡು ಗಂಟೆಗೆ ಬಸ್ಸು.

ಅಷ್ಟರಲ್ಲಿ ಯಾರೋ ಹೇಳಿಕಳಿಸಿದ್ದ ಪುರಸಭೆಯ ದುರಗಪ್ಪ ಬ್ಲೀಚಿಂಗ್ ಪೌಡರಿನ ಚೀಲ ಹೊತ್ತು ಬಂದ. "ಎಲ್ಲೈತ್ರಿ ವೈರಸ್ಸು?"

ಎಲ್ಲರ ಬೆರಳೂ ಬುಟ್ಟಿಯತ್ತ ಹೋದವು. ದುರಗಪ್ಪ ಚೀಲದ ಬಾಯಿ ಬಿಚ್ಚಿದ. ತನ್ವೀರನಿಗೆ ಬೇರೇನೂ ತೋಚಲಿಲ್ಲ. ಬೀಸುವ ಕಲ್ಲನ್ನು ಉರುಳಿಸಿ, ಡಬ್ಬಿಯನ್ನು ಮಡಿಲಿಗೆಳೆದುಕೊಂಡು, ಕಾವಿಗೆ ಕೂತ ಕೋಳಿಯಂತೆ ಅದರ ಮೇಲೆ ಬಗ್ಗಿ ಕೂತುಬಿಟ್ಟ.

"ಸುರಿಯೂದಿದ್ರ ನನ್ನ ಮ್ಯಾಲ ಸುರೀರಿ!"

ದುರಗಪ್ಪ ತಲೆ ಕೆರೆದುಕೊಂಡ. "ಮನಷಾರ ಮ್ಯಾಲ ಸುರಿಯಾಕ ಆರ್ಡರ್ ಇಲ್ರಿ ನಮಗ."

"ಮುಟ್ಯಾನ ಅಂವ! ಅವನ್ನೂ ಹಿಡೀರಿ, ಕ್ವಾಣ್ಯಾಗ ಕೂಡಿಹಾಕ್ರಿ!" ಎಂದ ಗೌಸುಸಾಬ. ಇಬ್ಬರು ಗಟ್ಟಿ ಆಳುಗಳು ತೋಳು ಮೇಲೇರಿಸಿದರು.

"ಕೇಳ್ರಿ! ಒಂದ ಮಾತು ಕೇಳ್ರಿ!" ತನ್ವೀರ ಡಬ್ಬಿ ಬಿಡದೆ ಕೂಗಿದ. "ಇದರಾಗ ಇನ್ನೊಂದು ಐತಿ. ಸೊಳ್ಳಿದು. ಸೊಳ್ಳಿ ನಮ್ಮನ್ನ ಹುಡುಕೂದು ವಾಸನಿ ಹಿಡದು. ಅದರ ಮೀಸ್ಯಾಗ ಒಂದು ಪ್ರೋಟೀನ್ ಇರ್ತೈತಿ. ನಮ್ಮ ಮೈವಾಸನಿನ್ನ ಅದು ಹಮಾಲನಂಗ ಹೊತ್ಕೊಂಡು ಒಳಗ ಒಯ್ದು ಮುಟ್ಟಿಸ್ತೈತಿ. ಆ ಹಮಾಲನ ಹೆಗಲು ಹ್ಯಾಂಗೈತಿ ಅಂತ ತಿಳದ್ರ, ಅವನ ಮ್ಯಾಲ ಬ್ಯಾರೆ ಗಂಟು ಹೇರಬಹುದು. ಆಮ್ಯಾಲ ಸೊಳ್ಳಿ ನಿಮ್ಮ ಮುಂದ ಬಂದ್ರೂ ಇಲ್ಲಿ ಮನಷಾ ಅದಾನೋ ಕಂಬ ಐತೋ ಅದಕ್ಕ ತಿಳಿಯಂಗಿಲ್ಲ. ನಾಳೆ ಮುಂಜಾನೆ ಬೆಂಗಳೂರಾಗ ಯಂತ್ರಕ್ಕ ಇಡಬೇಕು. ಇಲ್ಲಂದ್ರ ಎಲ್ಲಾ ಹೋತು."

ತೋಳು ಏರಿಸಿದ್ದವರು ಕೈ ಇಳಿಸಿದರು. ಅಲ್ಲಿದ್ದವರಲ್ಲಿ ಆ ವರ್ಷ ಸೊಳ್ಳೆಯಿಂದ ನರಳದವರು ಯಾರೂ ಇರಲಿಲ್ಲ. ಕಳಕವ್ವ ಮೆಲ್ಲಗೆ ಕೇಳಿದಳು, "ಖರೇನ ಸೊಳ್ಳಿ ಕಡಿಯಂಗಿಲ್ಲೇನಪಾ?"

"ಎಲ್ಲಾ ಚಲೋ ಆದ್ರ, ಮುಂದೊಂದು ದಿನ, ಕಾಕು."

ಹಿಂದೆ ಗೋಡೆಗೆ ಒರಗಿ ನಿಂತಿದ್ದ ಚಮನಬಿ ಸೆರಗಿನಿಂದ ಕಣ್ಣೊರಸಿಕೊಂಡಳು. ಮಗ ಇಷ್ಟು ವರ್ಷ ಏನು ಮಾಡುತ್ತಿದ್ದಾನೆಂದು ಅವಳಿಗೆ ಅಂದೇ ತಿಳಿದದ್ದು.

ಪ್ರಭುಲಿಂಗಪ್ಪ ಮೊಣಕಾಲು ಮರೆತು ಎದ್ದ. "ಹಂಗಾದ್ರ ಎರಡೂ ತೊಗೊಂಡು ಇವತ್ತ ಊರು ಬಿಡ್ಲಿ. ಒಳ್ಳೇದೂ ಹೋಗ್ಲಿ, ಕೆಟ್ಟದ್ದೂ ಹೋಗ್ಲಿ."

ಅವನನ್ನು ಹಿಡಿಯಲಿದ್ದ ಕೈಗಳೇ ಈಗ ಸಹಾಯಕ್ಕೆ ನಿಂತವು. ಕಳಕವ್ವ ಡಬ್ಬಿಯನ್ನು ಒಳಗೊಯ್ದಳು. ಹಿಂದೆಯೇ ಚಮನಬಿ ಹೋದಳು. ತನ್ವೀರ ಮನೆಯಿಂದ ತನ್ನ ಚೀಲ ತರುವಷ್ಟರಲ್ಲಿ ಹೊಸ ಬರ್ಫ ತುಂಬಿ, ದಾರ ಸುತ್ತಿ, ಡಬ್ಬಿ ತಯಾರಾಗಿತ್ತು. ಚಮನಬಿ ಮಗನನ್ನು ಬಳಿಗೆ ಕರೆದು, ಒದ್ದೆ ಕೈಯಿಂದ ಅವನ ಕುತ್ತಿಗೆ, ಕಿವಿ, ಮುಂಗೈ ಸವರಿ ದುವಾ ಮಾಡಿದಳು.

ಬಸ್ ನಿಲ್ದಾಣಕ್ಕೆ ಓಣಿಯೇ ಬಂತು. ಬಸ್ಸು ಹೊರಡುವುದರಲ್ಲಿತ್ತು. ಕಂಡಕ್ಟರ್ ಡಬ್ಬಿಯನ್ನು ದಿಟ್ಟಿಸಿ, "ಏನೈತಿದ್ರಾಗ?" ಎಂದ.

"ವೈ—" ಎಂದು ಗೌಸುಸಾಬ ಬಾಯಿ ತೆರೆದ. ಪ್ರಭುಲಿಂಗಪ್ಪ ಅವನ ಬಾಯಿಯನ್ನು ಟವೆಲಿನಿಂದ ಮುಚ್ಚಿ, "ಬದನಿಕಾಯಿ ಎಣಗಾಯ್ರೀ! ಹತ್ತಸ್ರಿ, ಹತ್ತಸ್ರಿ!" ಎಂದ. ಇಡೀ ಓಣಿ "ಎಣಗಾಯಿ, ಎಣಗಾಯಿ" ಎಂದಿತು. ತನ್ವೀರನನ್ನು ನಾಲ್ಕು ಜನ ಒಳಗೆ ತಳ್ಳಿದರು.

ಬಸ್ಸು ರೋಣ ದಾಟಿದ ಮೇಲೆ ಅವನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ. ಬರ್ಫ ಉಳಿದಿದೆಯೇ ನೋಡೋಣವೆಂದು ದಾರ ಬಿಚ್ಚಿದ. ಬರ್ಫ ಕಲ್ಲಿನಂತೆ ಗಟ್ಟಿಯಾಗಿತ್ತು. ಹೊಂಡದ ನೀರಿನ ಬಾಟಲಿ ತುಂಬಿಯೇ ಇತ್ತು. ನಳಿಕೆಯೂ ಇತ್ತು, ಶುಭ್ರವಾಗಿ ತೊಳೆದು, ಮುಚ್ಚಳ ಹಾಕಿ.

ನಳಿಕೆ ಖಾಲಿಯಾಗಿತ್ತು.

ಅವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿರುವಾಗಲೇ ಮೊಬೈಲ್ ರಿಂಗಣಿಸಿತು. ಪ್ರಭುಲಿಂಗಪ್ಪನ ಮನೆಯ ನಂಬರು. ಮಾತಾಡಿದವಳು ಚಮನಬಿ.

"ಬೇಟಾ, ಬಸ್ಸಿನ್ಯಾಗ ಸೊಳ್ಳಿ ಅದಾವೇನು?"

"ಅಮ್ಮಾ, ಆ ನಳಿಕ್ಯಾಗಿಂದು..."

"ನಿನಗ ಹಚ್ಚೀನಲ್ಲ! ಕುತ್ತಿಗಿ, ಕಿವಿ, ಕೈ. ಕಳಕವ್ವ ತನಗೂ ಒಂದ ಹನಿ ಬೇಕಂದ್ಳು. ನಾ ಕೊಡ್ಲಿಲ್ಲ, ಇದ್ದದ್ದ ನಾಕು ಹನಿ. ಊರಿಗೆಲ್ಲಾ ಔಷಧ ಮಾಡ್ತಿ, ನಿನ್ನ ಮೈಗೆ ಹಚ್ಚಾವ್ರು ಯಾರದಾರ? ಆ ಜ್ವರ ಎಂಥಾದ್ದಂತ ನನಗ ಗೊತ್ತೈತಿ. ನಿನಗ ಬರಬಾರ್ದು. ಹೇಳು, ಕಡೀತಾವೇನು?"

ತನ್ವೀರನ ಮುಂಗೈ ಮೇಲೆ ಒಂದು ಸೊಳ್ಳೆ ಬಂದು ಕೂತಿತ್ತು. ಅದು ಕಾಲೂರಿ, ಜಾಗ ನೋಡಿಕೊಂಡು, ಹೊಟ್ಟೆ ಕೆಂಪಾಗುವವರೆಗೂ ಹೀರಿತು. ಅವನು ಅದನ್ನು ಹೊಡೆಯಲಿಲ್ಲ.

"ಇಲ್ಲಮ್ಮಾ," ಎಂದ. "ಒಂದೂ ಹತ್ರ ಬರವಲ್ದು."