ಚಂದ್ರಕಲಾ ಕೋರ್ಟಿಗೆ ಹೋದ ದಿನ

ಶಹಾಪುರದ ಹೊರಗಿನ ಹತ್ತಿ ಮಿಲ್ಲಿನಲ್ಲಿ ತೂಕದ ಕಾಟಾ ನೋಡಿಕೊಳ್ಳುತ್ತಿದ್ದ ಗುಮಾಸ್ತ ನಿವೃತ್ತನಾದ. ಮರುದಿನ ಬೆಳಿಗ್ಗೆ ಆ ಕುರ್ಚಿಯಲ್ಲಿ ಅಮರಪ್ಪ ಎಂಬ ಹೊಸಬ ಬಂದು ಕುಳಿತ. ಹತ್ತು ನಿಮಿಷಕ್ಕೇ ಎದ್ದು, ಹತ್ತಿ ಆರಿಸುವ ಹೆಂಗಸರ ಸಾಲಿಗೆ ಬಂದು, "ಚಂದ್ರಕಲಾ ಅಕ್ಕಾರ, ಖಾಲಿ ಟ್ರ್ಯಾಕ್ಟರಿನ ತೂಕ ಹೆಂಗ ಕಳೀಬೇಕ್ರಿ?" ಎಂದು ಕೇಳಿದ.

ಚಂದ್ರಕಲಾ ಹೋಗಿ ಕಳೆದು ತೋರಿಸಿದಳು. ಪಿಯುಸಿ ಪಾಸಾದವಳು. ಹಳೆಯ ಗುಮಾಸ್ತ ರಜೆ ಹಾಕಿದಾಗಲೆಲ್ಲ ಒಂಬತ್ತು ವರ್ಷ ಕಾಟಾ ನೋಡಿಕೊಂಡವಳು ಅವಳೇ. ಅಮರಪ್ಪ ಮೂರನೇ ಸಲ ಕರೆದಾಗ ಅವಳು ಕಾಟಾ ಮನೆಗೆ ಹೋಗಲಿಲ್ಲ. ನೇರ ಮ್ಯಾನೇಜರ್ ಬಸವಂತ್ರಾಯರ ಮುಂದೆ ನಿಂತು, ಆ ಕೆಲಸ ತನಗೇಕೆ ಇಲ್ಲ ಎಂದು ಕೇಳಿದಳು.

ಬಸವಂತ್ರಾಯರು ಕೆಟ್ಟವರಲ್ಲ. ಹೊಸ ಮಾತು ಕಿವಿಗೆ ಬಿದ್ದರೆ ಮಾತ್ರ, ಬಿಸಿ ಚಹಾ ಗುಟುಕರಿಸಿ ನುಂಗಲೂ ಆಗದೆ ಉಗುಳಲೂ ಆಗದೆ ಇರುವವರ ಹಾಗೆ ಆಗುತ್ತಿದ್ದರು.

"ಹೆಣ್ಮಕ್ಕಳಿಗೆ ಕಾಟಾ ಕೊಟ್ಟ ರೂಢಿ ಇಲ್ಲಮ್ಮ," ಎಂದರು.

ಅವಳು ಅರ್ಧ ದಿನದ ರಜೆ ಬರೆದಿಟ್ಟು ಹೊರಟಳು. ಸಾಲಿನಲ್ಲೇ ಹಿರಿಯಳಾದ ಮಲ್ಲಾಬಾಯಿ, ಒಬ್ಬಳನ್ನೇ ಹೇಗೆ ಬಿಡುವುದೆಂದು ಮಂಡಿ ಹಿಡಿದುಕೊಂಡು ಹಿಂದೆಯೇ ಬಂದಳು. ಕೋರ್ಟಿನ ಆವರಣದಲ್ಲಿ ಹೆಂಗಸರಿಗೆ ಪುಕ್ಕಟೆ ವಕೀಲರು ಸಿಗುತ್ತಾರೆಂದು ಹೇಳಿದವಳೂ ಅವಳೇ. ಟಂಟಂ ಆಟೋದಲ್ಲಿ ಕುಳಿತವರೆಲ್ಲ ಎಲ್ಲಿಗೆ ಎಂದು ಕೇಳಿದರು. ಮಲ್ಲಾಬಾಯಿ ಎಲ್ಲರಿಗೂ "ಕೋರ್ಟಿಗೆ" ಎಂದಷ್ಟೇ ಗಂಭೀರವಾಗಿ ಹೇಳಿದಳು. ಅವರಲ್ಲೊಬ್ಬ ಚಂದ್ರಕಲಾಳ ಊರಾದ ದೋರನಹಳ್ಳಿಯವನು. ಅವನು ಆಗಲೇ ಮೊಬೈಲ್ ಕಿವಿಗೆ ಹಚ್ಚಿದ.

ವಕೀಲೆ ಸಣ್ಣ ವಯಸ್ಸಿನವಳು. ಪೂರ್ತಿ ಕೇಳಿದಳು. ಹೆಣ್ಣೆಂಬ ಕಾರಣಕ್ಕೆ ಕೆಲಸವನ್ನೋ ಬಡ್ತಿಯನ್ನೋ ತಪ್ಪಿಸುವುದು ಕಾನೂನಿಗೆ ವಿರುದ್ಧ, ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಬಹುದು, ಅದಕ್ಕೂ ಬಗ್ಗದಿದ್ದರೆ ಕೋರ್ಟು ಇದ್ದೇ ಇದೆ ಎಂದಳು. ಆದರೆ ಮೊದಲು ಮಿಲ್ಲಿನ ಕುಂದುಕೊರತೆ ಸಮಿತಿಗೇ ಅರ್ಜಿ ಕೊಟ್ಟರೆ ಬೇಗ ಬಗೆಹರಿದೀತು. ಅಂಥ ಸಮಿತಿಯನ್ನು ತಾವು ಕಂಡೇ ಇಲ್ಲವೆಂದು ಮಲ್ಲಾಬಾಯಿ ಹೇಳಿದಾಗ ವಕೀಲೆ ಪೆನ್ನು ಕೆಳಗಿಟ್ಟು ನಿರೀಕ್ಷಕರಿಗೆ ಫೋನ್ ಮಾಡಿದಳು.

ಸಮಿತಿಯ ಹೆಸರಿಗೇ ಅರ್ಜಿ ಬರೆಸಿಕೊಂಡು ಹೊರಬಂದರೆ ಗೇಟಿನ ಬಳಿ ಚಂದ್ರಕಲಾಳ ಗಂಡ ತಿರುಪತಿ ನಿಂತಿದ್ದ. ಅಂಗಿಯ ಗುಂಡಿಗಳು ಒಂದೊಂದು ಮನೆ ತಪ್ಪಿದ್ದವು, ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ.

"ಚಂದ್ರಾ, ಕೊಡದ ಸಲುವಾಗಿ ಕೋರ್ಟಿಗೆ ಬರ್ತಾರೇನು?"

"ಯಾವ ಕೊಡ?"

"ನಿನ್ನ ತಾಮ್ರದ ಕೊಡ. ಕಳುವಾಗಿಲ್ಲ ಅದು. ಟ್ರ್ಯಾಕ್ಟರ್ ಹಿಂದ ತಗೊಳ್ಳಾಕ ಹೋಗಿ ನಾನ ಅದರ ಮ್ಯಾಲ ಹಾಯಿಸೀನಿ. ಹೇಳಾಕ ಧೈರ್ಯ ಬರಲಿಲ್ಲ."

ಎರಡು ವರ್ಷ ಆ ಕೊಡಕ್ಕಾಗಿ ಪಕ್ಕದ ಮನೆಯವರನ್ನು ಅನುಮಾನಿಸಿದ್ದ ಚಂದ್ರಕಲಾ ಬೈಯಲು ಬಾಯಿ ತೆರೆದಳು. ಅವನ ಚಪ್ಪಲಿ ನೋಡಿ ನಗು ಬಂದುಬಿಟ್ಟಿತು. ಅಂಗಿಯ ಗುಂಡಿ ಬಿಚ್ಚಿ ಸರಿಯಾಗಿ ಹಾಕುತ್ತಲೇ ಮಿಲ್ಲಿನ ಸಂಗತಿ ಹೇಳಿದಳು. ಅವಳು ಬಂದದ್ದು ವಿಚ್ಛೇದನಕ್ಕಲ್ಲವೆಂದು ತಿಳಿದ ತಿರುಪತಿ ಅಲ್ಲೇ ಕಟ್ಟೆಯ ಮೇಲೆ ಕುಳಿತ. "ಕುರ್ಚಿ ನಿನಗ ಬರಬೇಕಾಗಿತ್ತು ಬಿಡು," ಎಂದ.

ಸಂಜೆ ಮಿಲ್ಲಿಗೆ ಮರಳಿದಾಗ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ನಿರೀಕ್ಷಕರ ಫೋನಿಗೆ ಬೆವೆತುಹೋಗಿದ್ದ ಬಸವಂತ್ರಾಯರು ಇವತ್ತೇ ಸಮಿತಿ ಮಾಡಿ ಮುಗಿಸುವ ಅವಸರದಲ್ಲಿದ್ದರು. ನಿಯಮದಂತೆ ಅಧ್ಯಕ್ಷರು ವರ್ಷಕ್ಕೊಮ್ಮೆ ಬದಲಾಗಬೇಕು, ಮೊದಲ ವರ್ಷ ಕೆಲಸಗಾರರ ಕಡೆಯವರೇ. ಕೋರ್ಟನ್ನು ಒಳಗಿನಿಂದ ನೋಡಿ ಬಂದವಳೆಂದರೆ ಚಂದ್ರಕಲಾ ಒಬ್ಬಳೇ ಎಂದು ಮಲ್ಲಾಬಾಯಿ ಸಾರಿದಳು. ತನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಎರಡು ಬಿಟ್ಟು ಉಳಿದ ಕೈಗಳೆಲ್ಲ ಮೇಲೆದ್ದವು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಬಸವಂತ್ರಾಯರೇ.

ಚಂದ್ರಕಲಾ ಖುಷಿಯಿಂದ ಅರ್ಜಿ ಮುಂದೆ ಚಾಚಿದಳು. ಅಧ್ಯಕ್ಷೆಯಾಗಿ ಅದನ್ನು ತೆಗೆದುಕೊಳ್ಳಬೇಕಾದವಳು ತಾನೇ ಎಂದು ಆಮೇಲೆ ಹೊಳೆಯಿತು.

ಮ್ಯಾನೇಜರು ನಿರೀಕ್ಷಕರಿಗೆ ಮತ್ತೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಹಿಡಿದರು.

"ತಮ್ಮ ಅರ್ಜಿ ತಾವ ವಿಚಾರಣಿ ಮಾಡಾಕ ಬರಂಗಿಲ್ರಿ," ಎಂದಿತು ಆ ಕಡೆಯ ದನಿ. "ಅಧ್ಯಕ್ಷಸ್ಥಾನ ಬಿಡ್ರಿ, ಇಲ್ಲಾ ಅರ್ಜಿ ಮುಂದಿನ ವರ್ಷ ಬೇರೆಯವರು ಬರೋತನಕ ಕಾಯಲಿ."

ಬಿಟ್ಟರೆ ಆ ಸ್ಥಾನ ಯಾರಿಗೆ? ಅವಳ ನಂತರ ಹೆಚ್ಚು ಕೈ ಎದ್ದದ್ದು ಅಮರಪ್ಪನಿಗೆ. ಎರಡು ಕೈ, ಅದರಲ್ಲಿ ಒಂದು ಅವನದೇ.

ಚಂದ್ರಕಲಾ ಅರ್ಜಿ ಹಿಡಿದು ನಿಂತೇ ಇದ್ದಳು. ಆಗ ಮಲ್ಲಾಬಾಯಿ ಹತ್ತಿರ ಬಂದು, ಗಂಡಸರಿಗೆ ಕೇಳಿಸದ ಹಾಗೆ, "ನಂದೂ ಒಂದು ಬರಕೋತಿ ಏನವ್ವಾ?" ಎಂದಳು. ಮಿಲ್ಲಿನಲ್ಲಿ ಗಂಡಸರಿಗೆ ಪಾಯಖಾನೆ ಇತ್ತು, ಹೆಂಗಸರಿಗೆ ಹಿಂದಿನ ಜಾಲಿ ಗಿಡಗಳೇ ಗತಿ. ಇತ್ತೀಚೆಗೆ ಅಲ್ಲಿ ಕೂತರೆ ಅವಳಿಗೆ ಏಳಲು ಆಗುತ್ತಿರಲಿಲ್ಲ. ಯಾರಾದರೂ ಬಂದು ಎತ್ತುವ ತನಕ ಮುಳ್ಳುಕಂಟಿ ಹಿಡಿದುಕೊಂಡು ಕಾಯುತ್ತಿದ್ದಳು.

ಚಂದ್ರಕಲಾ ತನ್ನ ಅರ್ಜಿಯನ್ನು ಮಡಚಿ ಕುಪ್ಪಸದೊಳಗೆ ಸೇರಿಸಿದಳು. ಮ್ಯಾನೇಜರ ಕೈಯಿಂದ ಬಿಳಿ ಹಾಳೆ ಇಸಿದುಕೊಂಡು, ಬಿಗಿದು ಕಟ್ಟಿದ ಹತ್ತಿ ಅಂಡಿಗೆಯ ಮೇಲಿಟ್ಟು, "ಪೂರ್ತಿ ಹೆಸರು ಹೇಳವ್ವಾ," ಎಂದಳು.

ಒಂಬತ್ತು ವರ್ಷ ಅವಳ ಬುತ್ತಿಯಲ್ಲಿ ಕೈಹಾಕಿ ಉಂಡ ಮಲ್ಲಾಬಾಯಿ ತಲೆಯ ಮೇಲೆ ಸೆರಗು ಹೊದ್ದು ನೆಟ್ಟಗೆ ನಿಂತಳು.

"ಮಲ್ಲಾಬಾಯಿ," ಎಂದಳು. ಸರ್ಕಾರಿ ಕಾಗದಕ್ಕೆ ಗಂಡನ ಹೆಸರೂ ಬೇಕಲ್ಲ ಎಂದು ನೆನಪಾಗಿ ಮುಖ ಕೆಂಪಾಯಿತು. ಅವನು ತೀರಿಕೊಂಡು ಹನ್ನೆರಡು ವರ್ಷವಾಗಿದ್ದರೂ ಅವಳು ಅತ್ತಿತ್ತ ನೋಡಿ, ಚಂದ್ರಕಲಾಳ ಕಿವಿಗೆ ಬಾಯಿ ಹಚ್ಚಿ ಹೇಳಿದಳು.